ಹುಡುಕುವ ಬೆರಳು, ಒತ್ತುವ ಬೆರಳು

ದಾವಣಗೆರೆಯ ಓದುಗರೊಬ್ಬರು ಕಳೆದ ತಿಂಗಳು ಫೋನ್ ಮಾಡಿದ್ದರು. ನಿವೃತ್ತ ಸಂಗೀತ ಶಿಕ್ಷಕಿ, ಹುಟ್ಟಿನಿಂದಲೇ ಕಣ್ಣು ಕಾಣದವರು. "ಹಳೇ ಓಟಿಜಿಯಲ್ಲಿ ಇಪ್ಪತ್ತು ವರ್ಷ ಖಾರಾ ಬಿಸ್ಕತ್ತು, ಕೇಕು ಎಲ್ಲಾ ಮಾಡಿದೀನಿ ಸಾರ್. ಈಗ ಮಗ ಹೊಸ ಓವನ್ ತಂದಿದಾನೆ. ಮುಂದೆಲ್ಲಾ ಬರೀ ಗಾಜು. ಒಂದು ಬಟನ್ ಹುಡುಕೋಕೆ ಹೋದ್ರೆ ನಾಲ್ಕು ಬಟನ್ ಒತ್ತಿಬಿಟ್ಟಿರ್ತೀನಿ. ಟಚ್ ಅಂತ ಹೆಸರಿಟ್ಟು ಮುಟ್ಟೋಕೇ ಆಗದ ಹಾಗೆ ಯಾಕೆ ಮಾಡ್ತಾರೆ?"

ಅವರ ಹಳೆಯ ಓಟಿಜಿಯಿಂದಲೇ ಶುರುಮಾಡೋಣ. ಉಷ್ಣತೆಯ ನಾಬ್‌ನ ಮೇಲೆ ಒಂದು ಉಬ್ಬು ಗೆರೆ ಇರುತ್ತದೆ. ಎಡಕ್ಕೆ ಪೂರ್ತಿ ತಿರುಗಿಸಿದರೆ ತಡೆದು ನಿಲ್ಲುತ್ತದೆ: ಅದು ಆಫ್. ಅಲ್ಲಿಂದ ಬಲಕ್ಕೆ 100, 150, 200, 250 ಡಿಗ್ರಿ. ಗೆರೆ ಗಡಿಯಾರದ ಮುಳ್ಳಿನಂತೆ ಎಲ್ಲಿಗೆ ತಿರುಗಿದೆ ಎಂದು ಬೆರಳಿಗೆ ತಿಳಿದರೆ ಬಿಸಿ ಎಷ್ಟೆಂದು ತಿಳಿದಂತೆಯೇ. ಇಂಥ ಹಲವು ಓವನ್‌ಗಳ ಒಳಗೆ ಎಣ್ಣೆ ತುಂಬಿದ ಸಣ್ಣ ಲೋಹದ ಕೊಳವೆಯಿದೆ. ಬಿಸಿಯೇರಿದಂತೆ ಎಣ್ಣೆ ಹಿಗ್ಗಿ ಒಂದು ಸ್ವಿಚ್ಚನ್ನು ತಳ್ಳುತ್ತದೆ. 'ಟಕ್' ಎಂದು ಕರೆಂಟು ಕಡಿದುಹೋಗುತ್ತದೆ. ಎಣ್ಣೆ ಎಷ್ಟು ಹಿಗ್ಗಿದ ಮೇಲೆ ಕಡಿಯಬೇಕು ಎನ್ನುವುದನ್ನು ನಿರ್ಧರಿಸುವುದೇ ನಾಬ್. ಕೈಗೂ ಕಿವಿಗೂ ಬೇಕಾದ ಸುದ್ದಿಯೆಲ್ಲ ಅಲ್ಲಿತ್ತು. ಕಣ್ಣಿಗೆಂದೇ ಉಳಿದದ್ದು ಏನೂ ಇರಲಿಲ್ಲ.

ಗಾಜಿನ ಫಲಕದ ಕೆಲಸ ಬೇರೆ. ಗಾಜಿನ ಹಿಂದೆ ತೆಳುವಾದ ಲೋಹದ ತುಣುಕುಗಳಿವೆ, ಅವುಗಳ ಸುತ್ತ ಸಣ್ಣ ವಿದ್ಯುತ್ ಕ್ಷೇತ್ರವಿದೆ. ನಮ್ಮ ಬೆರಳಿನಲ್ಲಿ ಉಪ್ಪುನೀರು ತುಂಬಿರುವುದರಿಂದ ಅದೂ ಒಂದು ವಾಹಕ. ಬೆರಳು ಹತ್ತಿರ ಬಂದರೆ ಸಾಕು, ತುಣುಕಿನ ವಿದ್ಯುತ್ ಧಾರಕತೆ ಬದಲಾಗುತ್ತದೆ, ಒಳಗಿನ ಚಿಪ್ ಅದನ್ನೇ ಆಜ್ಞೆ ಎಂದುಕೊಳ್ಳುತ್ತದೆ. ಒತ್ತುವ ಮಾತೇ ಇಲ್ಲ. ಕೈ ಒದ್ದೆಯಿದ್ದರೆ ಲೆಕ್ಕ ತಪ್ಪುವುದೂ ಇದೇ ಕಾರಣಕ್ಕೆ, ನೀರೂ ವಾಹಕವಲ್ಲವೆ?

ಬೆರಳಿಗೇನು ಶಕ್ತಿ ಕಡಿಮೆಯೇ? 2013ರಲ್ಲಿ ಸ್ಟಾಕ್‌ಹೋಮ್‌ನ ಕೆಟಿಎಚ್ ಸಂಸ್ಥೆಯ ವಿಜ್ಞಾನಿಗಳು ಕೇವಲ 13 ನ್ಯಾನೋಮೀಟರಿನ ಏರಿಳಿತವನ್ನೂ ಮನುಷ್ಯನ ಬೆರಳು ಗುರುತಿಸುತ್ತದೆ ಎಂದು ತೋರಿಸಿದರು. ತಲೆಗೂದಲಿನ ದಪ್ಪದ ಸಾವಿರಗಟ್ಟಲೆ ಪಾಲಿನಲ್ಲಿ ಒಂದು ಪಾಲು ಅದು. ಅಂಥ ಬೆರಳಿಗೆ ನಾವು ಓದಲು ಕೊಟ್ಟಿರುವುದು ನುಣುಪು ಗಾಜು.

ಹಾರ್ಮೋನಿಯಂ ನೆನೆಸಿಕೊಳ್ಳಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರು ಗುರುಗಳೂ ದೃಷ್ಟಿಯಿಲ್ಲದವರೇ. ಹಾರ್ಮೋನಿಯಂ ಮನೆಗಳ ಮೇಲೆ ಕೈಯಿಟ್ಟ ಮಗುವಿನ ಬೆರಳಿಗೆ ಕರಿ ಮನೆಗಳು ಎತ್ತರದಲ್ಲಿ ಸಿಗುತ್ತವೆ: ಎರಡರ ಒಂದು ಗುಂಪು, ಮೂರರ ಒಂದು ಗುಂಪು, ಮತ್ತೆ ಎರಡು, ಮತ್ತೆ ಮೂರು. ಅಷ್ಟರಿಂದಲೇ ಷಡ್ಜ ಎಲ್ಲಿದೆ ಎಂದು ತಿಳಿಯುತ್ತದೆ. ಹೀಗೆ ತಡಕುವಾಗ ಪೆಟ್ಟಿಗೆ ಸ್ವರ ಹೊರಡಿಸುವುದಿಲ್ಲ. ಬೆರಳು ಮನೆಯ ಮೇಲೆ ಕೂತಿರಬಹುದು, ಯೋಚಿಸಬಹುದು, ಪಕ್ಕಕ್ಕೆ ಸರಿಯಬಹುದು. ಒತ್ತಿದಾಗ ಮಾತ್ರ ಸ್ವರ. ಈಗ ಅದೇ ಮನೆಗಳನ್ನು ಗಾಜಿನ ಮೇಲೆ ಬಣ್ಣದಲ್ಲಿ ಬರೆದು, ತಾಕಿದೊಡನೆ ಸ್ವರ ಹೊಮ್ಮುವಂತೆ ಮಾಡಿದರೆ? ಷಡ್ಜ ಹುಡುಕುವಷ್ಟರಲ್ಲಿ ಕಛೇರಿ ಕೆಡುತ್ತದೆ. ಹುಡುಕುವುದು, ಒತ್ತುವುದು ಎರಡು ಬೇರೆ ಕೆಲಸ. ಗಾಜಿನ ಫಲಕ ಅವೆರಡನ್ನೂ ಒಂದೇ ಮಾಡಿ, ಹುಡುಕುವುದನ್ನು ಕಣ್ಣಿಗೆ ವಹಿಸಿಬಿಟ್ಟಿತು.

ಈ ಟಚ್ ಫಲಕದ ಬೇರು ರಾಡಾರಿನಲ್ಲಿದೆ. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರಾಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ. ಎ. ಜಾನ್ಸನ್ ಬೆರಳಿನ ಧಾರಕತೆಯಿಂದ ನಡೆಯುವ ಟಚ್ ಪರದೆಯನ್ನು ವಿವರಿಸಿದರು. ಅವರ ಮನಸ್ಸಿನಲ್ಲಿದ್ದವರು ವಿಮಾನ ಸಂಚಾರ ನಿಯಂತ್ರಕರು. ಪರದೆಯಿಂದ ಕಣ್ಣು ಕೀಳದವರಿಗೆ ಪರದೆಯ ಮೇಲೇ ಬಟನ್ ಇದ್ದರೆ ಅನುಕೂಲ ತಾನೆ? ಕಣ್ಣು ಅಲ್ಲೇ ಇರುತ್ತದೆ ಎಂದು ನಂಬಿ ಹುಟ್ಟಿದ ಈ ತಂತ್ರ ಅದೇ ನಂಬಿಕೆಯ ಜೊತೆಗೇ ಅಡುಗೆಮನೆಗೂ ಬಂತು.

ಆದರೆ ಅಡುಗೆಗೆ ಕಣ್ಣೇ ದೊಡ್ಡದಲ್ಲ. ಸಾಸಿವೆ ಚಟಪಟ ಅಂದಾಗ ಒಗ್ಗರಣೆ ಆಯಿತೆಂದು ಕಿವಿ ಹೇಳುತ್ತದೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಹಿಟ್ಟಿನ ಸಕ್ಕರೆ, ಪ್ರೋಟೀನುಗಳು ಕೂಡಿ ಹೊಂಬಣ್ಣವೂ ಘಮವೂ ಚೆನ್ನಾಗಿ ಬರುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರೇ ಅದಕ್ಕೆ ನಿಂತಿದೆ. ಬಣ್ಣ ಕಾಣದಿದ್ದರೂ ಘಮ ಬರುತ್ತದೆ. 2012ರಲ್ಲಿ ಅಮೆರಿಕದ ಮಾಸ್ಟರ್‌ಶೆಫ್ ಸ್ಪರ್ಧೆ ಗೆದ್ದ ಕ್ರಿಸ್ಟೀನ್ ಹಾ ಅವರಿಗೆ ಆಗಲೇ ದೃಷ್ಟಿ ಹೋಗಿತ್ತು. ಕೊರತೆ ಇರುವುದು ಫಲಕದಲ್ಲಿ, ಅಡುಗೆ ಮಾಡುವವರಲ್ಲಿ ಅಲ್ಲ.

ಆ ಕೊರತೆಗೆ ಪರಿಹಾರ ಆಗಲೇ ನಮ್ಮ ಜೇಬಿನಲ್ಲಿದೆ. ಫೋನೂ ನುಣುಪು ಗಾಜೇ. 2009ರಲ್ಲಿ ಐಫೋನ್ 3ಜಿಎಸ್‌ನಲ್ಲಿ ವಾಯ್ಸ್‌ಓವರ್ ಬಂತು: ಬೆರಳು ಸರಿಸಿದರೆ ಕೆಳಗಿರುವುದನ್ನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ. ಹುಡುಕಲು ಒಂದು ಸನ್ನೆ, ಒತ್ತಲು ಇನ್ನೊಂದು. ಹಾರ್ಮೋನಿಯಂನ ಗುಣ ಗಾಜಿಗೆ ಬಂತು! ಓವನ್‌ನಲ್ಲೂ ಚಿಪ್ ಇದೆ, ಬೀಪ್ ಅನ್ನಲು ಸ್ಪೀಕರ್ ಇದೆ. ಕೊನೆಗೆ ಬಟನ್ನಿಗೊಂದು ಬೇರೆ ಸ್ವರವಾದರೂ ಕೊಡಬಹುದಿತ್ತು. 'ಸ್ಮಾರ್ಟ್' ಎಂಬ ಚೀಟಿ ಅಂಟಿಸಿಕೊಂಡ ಓವನ್ನುಗಳು ಇಷ್ಟನ್ನೂ ಮಾಡದಿದ್ದರೆ ಆ ಹೆಸರನ್ನು ನಾನು ಒಪ್ಪುವುದಿಲ್ಲ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್, ಎಲ್ಲರೂ ಬಳಸಬಹುದಾದ ಗ್ರಾಹಕ ವಸ್ತುಗಳ ತಯಾರಿಕೆಗೆ ಸರ್ಕಾರ ಉತ್ತೇಜನ ಕೊಡಬೇಕು ಎನ್ನುತ್ತದೆ. ಓವನ್ ಗ್ರಾಹಕ ವಸ್ತುವೇ.

ಅಲ್ಲಿಯವರೆಗೆ? ಹೊಸದು ಕೊಳ್ಳುವವರು ಅಂಗಡಿಯಲ್ಲೇ ಕಣ್ಣು ಮುಚ್ಚಿ 180 ಡಿಗ್ರಿ ಇಟ್ಟು ನೋಡಿ. ನಾಬ್ ಇದ್ದರೆ ಒಳ್ಳೆಯದು. ಆದರೆ ಕೊನೆಯಿಲ್ಲದೆ ಸುತ್ತುವ ನಾಬ್ ಬೇಡ. ಪ್ಲಾಸ್ಟಿಕ್ ಹಾಳೆಯ ಬಟನ್ನು ಬಲಬಿಟ್ಟು ಒತ್ತಿದರೇ ಕೆಲಸ ಮಾಡುವುದರಿಂದ ಅದರ ಮೇಲೆ ಉಬ್ಬು ಚುಕ್ಕೆ ಅಂಟಿಸಿಕೊಳ್ಳಬಹುದು. ಗಾಜೇ ಮನೆಗೆ ಬಂದಾಗಿದ್ದರೆ ಬೆರಳಿಗೂ ಗಾಜಿಗೂ ದೂರ ಹೆಚ್ಚಿಸಬೇಕು, ದೂರವಾದಷ್ಟೂ ಧಾರಕತೆಯ ಬದಲಾವಣೆ ಕುಗ್ಗುತ್ತದೆ.

ದಾವಣಗೆರೆಯಲ್ಲಿ ತಾಯಿ-ಮಗ ಮಾಡಿದ್ದೂ ಅದನ್ನೇ. ದಪ್ಪ ರಟ್ಟಿನಲ್ಲಿ ನಾಲ್ಕು ತೂತು ಕೊರೆದು ಫಲಕಕ್ಕೆ ಅಂಟಿಸಿದರು: ಆನ್, ಹೆಚ್ಚು, ಕಡಿಮೆ, ಶುರು. ಅವರ ಓವನ್ ಯಾವಾಗಲೂ 180ರಿಂದಲೇ ಶುರುವಾಗುತ್ತದೆ, ಒಂದು ಬೀಪಿಗೆ ಐದು ಡಿಗ್ರಿ. ಖಾರಾ ಬಿಸ್ಕತ್ತಿಗೆ 160 ಬೇಕು. ರಟ್ಟಿನ ಮೇಲೆ ಕೈಯಿಟ್ಟು ಮೂರನೆಯ ತೂತು ಹುಡುಕಿ, ತಾಳ ಎಣಿಸುವಂತೆ ನಾಲ್ಕು ಬೀಪ್ ಎಣಿಸುತ್ತಾರೆ.