ಕಡತದ ಬಾಗಿಲಲ್ಲಿ ಗುಂಪಿನ ಲೆಕ್ಕ

ಕಾಲೇಜೊಂದರ ಲಿನಕ್ಸ್ ಸರ್ವರ್‌ನಲ್ಲಿ ಅಂಕಪಟ್ಟಿಯ ಕಡತವಿದೆ ಎನ್ನೋಣ. ಅದನ್ನು ತಿದ್ದುವ ಅಧಿಕಾರ ಆ ವಿಷಯದ ಅಧ್ಯಾಪಕಿಗೆ ಮಾತ್ರ. ವಿಭಾಗದ ಸಹೋದ್ಯೋಗಿಗಳು ಓದಬಹುದು. ವಿದ್ಯಾರ್ಥಿಗಳ ಕೈಗೆ ಅದು ಸಿಗಬಾರದು. ಇಷ್ಟನ್ನೂ ಕಂಪ್ಯೂಟರ್ 640 ಎಂಬ ಮೂರಂಕಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೊದಲ ಅಂಕಿ ಕಡತದ ಒಡೆಯರದು, ನಡುವಿನದು ಗುಂಪಿನದು, ಕೊನೆಯದು ಮಿಕ್ಕವರೆಲ್ಲರದು. ಓದಲು 4, ಬರೆಯಲು 2, ಪ್ರೋಗ್ರಾಮ್ ಆಗಿ ಓಡಿಸಲು 1. ಬೇಕಾದವನ್ನು ಕೂಡಿಸಿದರೆ ಆಯಿತು.

ಈ ಏರ್ಪಾಡು ಬಂದಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ. 1971ರ ಅದರ ಮೊದಲ ಕೈಪಿಡಿಯಲ್ಲಿ ಗುಂಪಿನ ಸುದ್ದಿಯೇ ಇಲ್ಲ. ಇದ್ದವರು ಒಡೆಯರು ಮತ್ತು ಒಡೆಯರಲ್ಲದವರು, ಅಷ್ಟೇ. ಒಂದೇ ಯಂತ್ರದಲ್ಲಿ ಹಲವರು ಕೂಡಿ ದುಡಿಯುವಾಗ ಇದು ಸಾಲದು. ಜೊತೆಗಾರರಿಗೆ ಕಡತ ತೋರಿಸಬೇಕೆಂದರೆ ಊರಿಗೆಲ್ಲ ತೋರಿಸಬೇಕಾಗುತ್ತಿತ್ತು. ಗುಂಪು ಸೇರಿಕೊಂಡಿದ್ದು ಆಮೇಲೆ.

ಇಡೀ ವ್ಯವಸ್ಥೆಯ ತಿರುಳಿರುವುದು ತಪಾಸಣೆಯ ಕ್ರಮದಲ್ಲಿ. ಕಾರ್ಯಾಚರಣ ವ್ಯವಸ್ಥೆಯ ಒಳಗಿನ ಕರ್ನಲ್‌ಗೆ ನಮ್ಮ ಹೆಸರು ಬೇಕಿಲ್ಲ, ಅದು ನೋಡುವುದು ಸಂಖ್ಯೆಗಳನ್ನು. ಪ್ರತಿ ಬಳಕೆದಾರರಿಗೂ ಒಂದು ಸಂಖ್ಯೆ, ಪ್ರತಿ ಗುಂಪಿಗೂ ಒಂದು. ಕಡತ ತೆರೆಯಲು ಹೋದಾಗ ಮೊದಲು ಒಡೆಯರ ಸಂಖ್ಯೆ ಹೊಂದುತ್ತದೆಯೇ ಎಂದು ನೋಡುತ್ತದೆ. ಹೊಂದಿದರೆ ಮೊದಲ ಅಂಕಿಯೇ ಅಂತಿಮ, ಮುಂದಿನವನ್ನು ಓದುವುದೇ ಇಲ್ಲ. ಹೊಂದದಿದ್ದರೆ ಗುಂಪು, ಅದೂ ಇಲ್ಲದಿದ್ದರೆ ಕೊನೆಯ ಅಂಕಿ. ಹೀಗಾಗಿ ಅಂಕಪಟ್ಟಿಗೆ 070 ಎಂದು ಕೊಟ್ಟರೆ ವಿಭಾಗದವರೆಲ್ಲ ಓದಿ ತಿದ್ದಬಹುದು, ಅದೇ ಗುಂಪಿನಲ್ಲಿರುವ ಅಧ್ಯಾಪಕಿಗೆ ಮಾತ್ರ ತಮ್ಮ ಕಡತ ತೆರೆಯದು! ಒಡೆತನ ಅವರದೇ ಆದ್ದರಿಂದ ಅಂಕಿಯನ್ನು ಬದಲಿಸಿಕೊಳ್ಳಬಹುದು, ಆ ಮಾತು ಬೇರೆ. ಈ ಯಾವ ಅಡ್ಡಿಯೂ ಇಲ್ಲದವರೆಂದರೆ ಸೊನ್ನೆ ಸಂಖ್ಯೆಯ ರೂಟ್ ಬಳಕೆದಾರರು.

‘ಗುಂಪಿಗೆ ಸೇರಿಸಿದ್ದಾರೆ, ಆದರೂ ಕಡತ ತೆರೆಯುತ್ತಿಲ್ಲ’ ಎಂಬ ದೂರು ಸರ್ವರ್ ನೋಡಿಕೊಳ್ಳುವವರಿಗೆ ಹೊಸದಲ್ಲ. ಗುಂಪುಗಳ ಪಟ್ಟಿಯನ್ನು ಕರ್ನಲ್ ಪ್ರತಿ ಸಲವೂ ಹೊಸದಾಗಿ ನೋಡುವುದಿಲ್ಲ. ಲಾಗಿನ್ ಆಗುವಾಗಲೇ ಆ ಪಟ್ಟಿ ನಮ್ಮ ಪ್ರೋಗ್ರಾಮ್‌ಗಳಿಗೆ ಅಂಟಿಕೊಳ್ಳುತ್ತದೆ, ಅವು ಹುಟ್ಟಿಸುವ ಪ್ರೋಗ್ರಾಮ್‌ಗಳಿಗೂ ಅದೇ ದಾಟುತ್ತದೆ. ಲಾಗ್‌ಔಟ್ ಆಗಿ ಮತ್ತೆ ಒಳಬಂದರೆ ದೂರು ಮುಗಿಯಿತು. ಇದರ ಮತ್ತೊಂದು ಮಗ್ಗುಲು ಮಾತ್ರ ನಿಜಕ್ಕೂ ಗಂಭೀರ. ಕೆಲಸ ಬಿಟ್ಟವರನ್ನು ಗುಂಪಿನಿಂದ ತೆಗೆದುಹಾಕಿದರೂ, ಅವರು ಆಗಲೇ ಓಡಿಸುತ್ತಿರುವ ಪ್ರೋಗ್ರಾಮ್‌ಗಳ ಬಳಿ ಹಳೆಯ ಪಟ್ಟಿ ಹಾಗೇ ಉಳಿದಿರುತ್ತದೆ. ಹೆಸರು ಅಳಿಸಿದರಷ್ಟೇ ಸಾಲದು, ಆ ಪ್ರೋಗ್ರಾಮ್‌ಗಳನ್ನೂ ನಿಲ್ಲಿಸಬೇಕು.

ಹಳೆಯ ಯುನಿಕ್ಸ್‌ನಲ್ಲಿ ಒಬ್ಬರು ಒಂದು ಹೊತ್ತಿಗೆ ಒಂದೇ ಗುಂಪಿನಲ್ಲಿರಬಹುದಿತ್ತು. ಹಲವು ಗುಂಪುಗಳಲ್ಲಿ ಒಟ್ಟಿಗೇ ಇರುವ ಸೌಲಭ್ಯ ತಂದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನ 1983ರ ಆವೃತ್ತಿ. ಹಂಚಿಕೊಂಡ ಫೋಲ್ಡರ್‌ಗಳಿಗೆ ಆ ಮೂರಂಕಿಯ ಜೊತೆಗೆ ಇನ್ನೊಂದು ಗುರುತೂ ಇದೆ. ಅದನ್ನು ಹಚ್ಚಿದರೆ ಒಳಗೆ ಯಾರೇ ಹೊಸ ಕಡತ ಮಾಡಲಿ, ಅದಕ್ಕೆ ಫೋಲ್ಡರ್‌ನ ಗುಂಪೇ ಬರುತ್ತದೆ. ಆದರೂ ಹುಷಾರು: ಕಡತವನ್ನು ಅಳಿಸುವ ಹಕ್ಕು ಆ ಕಡತದ ಅನುಮತಿಯಲ್ಲಿಲ್ಲ, ಅದನ್ನಿಟ್ಟ ಫೋಲ್ಡರ್‌ನ ಅನುಮತಿಯಲ್ಲಿದೆ. ಓದಲಷ್ಟೇ ಬಿಟ್ಟ ಅಂಕಪಟ್ಟಿಯನ್ನು ಫೋಲ್ಡರ್‌ನಲ್ಲಿ ಬರೆಯಬಲ್ಲ ಸಹೋದ್ಯೋಗಿ ಅಳಿಸಿಬಿಡಬಹುದು.

ಒಂದು ಕಡತಕ್ಕೆ ಒಂದೇ ಗುಂಪು ಎಂಬುದು ಈ ವಿಧಾನದ ದೊಡ್ಡ ಮಿತಿ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಪ್ರತಿ ಕಡತಕ್ಕೂ ಒಂದು ಪಟ್ಟಿಯನ್ನೇ ಜೋಡಿಸಿತು: ಈ ಗುಂಪು ಓದಲಿ, ಆ ಗುಂಪು ಬರೆಯಲಿ, ಇಂಥವರಿಗೆ ಬೇಡ. ಲಿನಕ್ಸ್‌ನಲ್ಲೂ ಈಗ ಇಂಥ ಪಟ್ಟಿ ಉಂಟು. ಅನುಕೂಲವೇನೋ ಹೌದು, ಆದರೆ ಪಟ್ಟಿ ಉದ್ದವಾದಷ್ಟೂ ಯಾರಿಗೆ ಏನು ಸಿಕ್ಕಿದೆ ಎಂದು ಹೇಳುವುದು ಕಷ್ಟ. ಸಣ್ಣ ತಂಡಕ್ಕೆ ಆ ಮೂರಂಕಿಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಇದೇ ಲೆಕ್ಕವನ್ನು ಬೇರೆ ಬಗೆಯಲ್ಲಿ ಬಳಸಿದೆ. ಅಲ್ಲಿ ಬಳಕೆದಾರರ ಸಂಖ್ಯೆ ಸಿಗುವುದು ಆ್ಯಪ್‌ಗಳಿಗೆ. ಹೀಗಾಗಿ ಒಂದು ಆ್ಯಪ್‌ನ ಖಾಸಗಿ ಕಡತಕ್ಕೆ ಇನ್ನೊಂದು ಆ್ಯಪ್ ಪರಕೀಯವೇ. ಇಂಟರ್‌ನೆಟ್ ಅನುಮತಿಯೂ ಹಲವು ವರ್ಷಗಳ ಕಾಲ ಒಂದು ಗುಂಪಿನ ಸದಸ್ಯತ್ವವಾಗಿತ್ತು. 3003 ಎಂಬ ಗುಂಪಿನಲ್ಲಿಲ್ಲದ ಆ್ಯಪ್ ಹೊರಜಗತ್ತಿನೊಂದಿಗೆ ಸಂಪರ್ಕ ಕೇಳಿದರೆ ಕರ್ನಲ್ ಅಲ್ಲೇ ತಡೆಯುತ್ತಿತ್ತು.