ಪಂಚಾಯತಿವರೆಗೆ ಬಂದ ಫೈಬರ್ ಮನೆವರೆಗೆ ಬರುವುದು ಹೇಗೆ?

ಪುಣೆ ಜಿಲ್ಲೆಯ ಮುಳಶಿ ತಾಲೂಕಿನ ಪೂರ್ವದ ತುದಿಗೆ ಹಿಂಜವಡಿ. ಅಲ್ಲಿನ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕ್‌ನಲ್ಲಿ ದುಡಿಯುವ ಕನ್ನಡಿಗರು ಕಡಿಮೆಯೇನಲ್ಲ. ಅದೇ ತಾಲೂಕಿನ ಪಶ್ಚಿಮಕ್ಕೆ ತಾಮ್ಹಿಣಿ ಘಾಟ್. ಮುಳಶಿ ಅಣೆಕಟ್ಟು ದಾಟಿ ಕೊಂಕಣದ ಕಡೆ ಇಳಿಯುವ ಆ ದಾರಿಯಲ್ಲಿ ಮೊಬೈಲ್ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. ಎರಡೂ ಕಡೆಗೆ ತಾಲೂಕು ಕೇಂದ್ರ ಒಂದೇ, ಪೌಡ್. ಐಟಿ ಪಾರ್ಕ್ ಎದ್ದು ನಿಂತದ್ದು ಕೂಡ ಹಿಂಜವಡಿ, ಮಾಣ್ ಗ್ರಾಮ ಪಂಚಾಯತಿಗಳ ನೆಲದಲ್ಲೇ. ಆದರೂ ಒಂದೆಡೆ ಖಾಸಗಿ ಕಂಪನಿಗಳು ಪೈಪೋಟಿಗೆ ಬಿದ್ದು ಫೈಬರ್ ಎಳೆಯುತ್ತವೆ, ಇನ್ನೊಂದೆಡೆ ಕರೆದರೂ ಬರುವುದಿಲ್ಲ.

ಇದರ ಹಿಂದಿರುವುದು ಬರೀ ಲೆಕ್ಕ. ಒಂದು ಕಿಲೋಮೀಟರ್ ನೆಲ ಅಗೆದು ಕೇಬಲ್ ಹೂಳುವ ಖರ್ಚು ಎರಡೂ ಕಡೆ ಬೀಳುತ್ತದೆ. ಘಾಟಿನ ಬಂಡೆಗಲ್ಲಿನಲ್ಲಿ ಇನ್ನೂ ಹೆಚ್ಚು. ಆದರೆ ಆ ಒಂದು ಕಿಲೋಮೀಟರಿನಲ್ಲಿ ಹಿಂಜವಡಿಯಲ್ಲಿ ಸಾವಿರಾರು ಗಿರಾಕಿಗಳು ಸಿಗುತ್ತಾರೆ, ಘಾಟಿನಲ್ಲಿ ಹತ್ತಿಪ್ಪತ್ತು ಮನೆ. ಸರ್ಕಾರದ ಹಣ ಬೇಕಾಗುವುದು ಈ ಎರಡು ಲೆಕ್ಕಗಳ ನಡುವಿನ ಅಂತರ ತುಂಬಲಿಕ್ಕೆ. ಆ ಹಣ ಎಲ್ಲಿಂದ ಬರುತ್ತದೆ, ಯಾವ ಹಂತದವರೆಗೆ ಸಾಕಾಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಬಂದದ್ದು ಸರ್ಕಾರವೇ

ಐಟಿ ಉದ್ಯಮ ಖಾಸಗಿಯವರ ಸಾಹಸದ ಫಲ ಎಂಬ ಮಾತು ಪುಣೆಯಲ್ಲೂ ಬೆಂಗಳೂರಿನಲ್ಲೂ ಕೇಳಿಬರುತ್ತದೆ. ಅದು ಅರ್ಧ ನಿಜ. 1990ರ ಸುಮಾರಿಗೆ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳನ್ನು ತೆರೆದಾಗ ಮೊದಲು ಆರಿಸಿಕೊಂಡ ಮೂರು ಊರುಗಳು ಬೆಂಗಳೂರು, ಪುಣೆ ಮತ್ತು ಭುವನೇಶ್ವರ. ಹೊರದೇಶದ ಗ್ರಾಹಕರಿಗೆ ಕೆಲಸ ಕಳಿಸಲು ಬೇಕಾದ ಉಪಗ್ರಹ ಸಂಪರ್ಕವನ್ನು ಸಣ್ಣ ಕಂಪನಿಯೊಂದು ತಾನೇ ಕಟ್ಟಿಕೊಳ್ಳುವಂತಿರಲಿಲ್ಲ. ಸರ್ಕಾರ ಅದನ್ನು ಕಟ್ಟಿ ಎಲ್ಲರಿಗೂ ಹಂಚಿತು. ಹಿಂಜವಡಿಯ ಪಾರ್ಕನ್ನೂ ಬೆಳೆಸಿದ್ದು ರಾಜ್ಯ ಸರ್ಕಾರದ ಸಂಸ್ಥೆಯೇ: 1962ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ. ನಿಗಮ ಜಮೀನು, ರಸ್ತೆ, ನೀರು ಒದಗಿಸಿದ ಮೇಲೆ ಕಂಪನಿಗಳು ಬಂದವು. ಕಂಪನಿಗಳು ಬಂದ ಮೇಲೆ ಫೈಬರ್ ತಾನಾಗಿ ಬಂತು. ಹಳ್ಳಿಗಳ ವಿಷಯದಲ್ಲಿ ಈ ತಾನಾಗಿ ಬರುವ ಹಂತ ಇನ್ನೂ ಬಂದಿಲ್ಲ.

ದುಡ್ಡಿನ ಮೂಲ

ನಾವು ಕಟ್ಟುವ ಮೊಬೈಲ್ ಬಿಲ್ಲಿನ ಒಂದು ಪಾಲು ಹಳ್ಳಿಯ ಕೇಬಲ್ಲಿಗೆ ಹೋಗುತ್ತದೆ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 8ರಷ್ಟನ್ನು ಲೈಸೆನ್ಸ್ ಶುಲ್ಕವಾಗಿ ಕೇಂದ್ರಕ್ಕೆ ಕಟ್ಟುತ್ತವೆ. ಅದರಲ್ಲಿ ಶೇ. 5ರ ಪಾಲು ಸಾರ್ವತ್ರಿಕ ಸೇವಾ ನಿಧಿಗೆ ಮೀಸಲು. ಲಾಭವಿಲ್ಲದ ಕಡೆ ದೂರಸಂಪರ್ಕ ಒಯ್ಯಲಿಕ್ಕೆಂದೇ ಇರುವ ಈ ನಿಧಿಗೆ 2003ರ ಕಾನೂನು ತಿದ್ದುಪಡಿ ಶಾಸನದ ಬಲ ಕೊಟ್ಟಿತು. 2023ರ ದೂರಸಂಪರ್ಕ ಕಾಯ್ದೆಯ ನಂತರ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ಬಂದಿದೆ.

ಈ ನಿಧಿಯಿಂದ ನಡೆಯುವ ದೊಡ್ಡ ಕೆಲಸವೇ ಭಾರತ್‌ನೆಟ್. 2011ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆದ ಯೋಜನೆ ಇದು. ದೇಶದ ಪ್ರತಿ ಗ್ರಾಮ ಪಂಚಾಯತಿಗೂ ಕನಿಷ್ಠ 100 ಎಂಬಿಪಿಎಸ್ ಸಂಪರ್ಕ ಮುಟ್ಟಿಸುವುದು ಇದರ ಗುರಿ. ಮೊದಲ ಹಂತದ ಸುಮಾರು 1 ಲಕ್ಷ ಪಂಚಾಯತಿಗಳ ಕೆಲಸ 2017ರ ಕೊನೆಗೆ ಮುಗಿಯಿತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ತಿದ್ದುಪಡಿ ಮಾಡಿದ ಯೋಜನೆಗೆ 1,39,579 ಕೋಟಿ ರೂಪಾಯಿ ಒಪ್ಪಿತು.

ರಾಜ್ಯದ ಪಾತ್ರ

2017ರ ಎರಡನೇ ಹಂತದಲ್ಲಿ ಒಂದು ಬದಲಾವಣೆಯಾಯಿತು. ಎಲ್ಲ ಕೆಲಸವನ್ನೂ ಕೇಂದ್ರದ ಸಂಸ್ಥೆಗಳಿಗೇ ಒಪ್ಪಿಸುವ ಬದಲು, ಬಯಸಿದ ರಾಜ್ಯಗಳು ತಮ್ಮದೇ ಸಂಸ್ಥೆಯ ಮೂಲಕ ಜಾಲ ಕಟ್ಟಿಕೊಳ್ಳಬಹುದು ಎಂದಾಯಿತು. ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ತೆಲಂಗಾಣ, ಆಂಧ್ರ, ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್ ಈ ದಾರಿ ಹಿಡಿದವು. ಮಹಾರಾಷ್ಟ್ರದ ಯೋಜನೆಗೆ ಮಹಾನೆಟ್ ಎಂದು ಹೆಸರು. ಅದನ್ನು ನಡೆಸುವುದು ರಾಜ್ಯದ ಮಾಹಿತಿ ತಂತ್ರಜ್ಞಾನ ನಿಗಮ, ಎಲ್ಲರ ಬಾಯಲ್ಲಿ ಮಹಾಐಟಿ. ರಾಜ್ಯದಲ್ಲಿ ಸುಮಾರು 28 ಸಾವಿರ ಗ್ರಾಮ ಪಂಚಾಯತಿಗಳಿವೆ. ಅವುಗಳಲ್ಲಿ ಸುಮಾರು 12 ಸಾವಿರ ಮಹಾನೆಟ್ ಪಾಲಿಗೆ ಬಂದವು.

ಹೀಗಾಗಿ ಜತ್ತ, ಅಕ್ಕಲಕೋಟೆಗಳ ಕನ್ನಡದ ಹಳ್ಳಿಗಳಲ್ಲಿ ಪಂಚಾಯತಿಯ ಫೈಬರ್ ಬಗ್ಗೆ ವಿಚಾರಿಸುವವರು ಅದು ಬಿಎಸ್‌ಎನ್‌ಎಲ್ ಹಾಕಿದ್ದೋ ಮಹಾಐಟಿ ಹಾಕಿದ್ದೋ ಎಂದು ಮೊದಲು ತಿಳಿದುಕೊಳ್ಳಬೇಕು. ತಂತಿ ಯಾರದು ಎಂದು ಗೊತ್ತಿಲ್ಲದಿದ್ದರೆ ದೂರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಗಡಿಯ ಈಚೆ, ಕರ್ನಾಟಕದಲ್ಲಿ, ಈ ಕೆಲಸ ಕೇಂದ್ರದ ಸಂಸ್ಥೆಗಳ ಕೈಯಲ್ಲೇ ಉಳಿಯಿತು.

ರಾಜ್ಯ ಹಾಕುವ ಬಂಡವಾಳ ಬರೀ ನಗದಲ್ಲ. ರಸ್ತೆಬದಿಯ ಜಾಗ, ವಿದ್ಯುತ್ ಕಂಬ, ಸರ್ಕಾರಿ ಕಟ್ಟಡದ ಕೋಣೆ, ಅಲ್ಲಿನ ಕರೆಂಟು ಎಲ್ಲವೂ ಅದರಲ್ಲಿ ಸೇರುತ್ತವೆ. ಭಾರತ್‌ನೆಟ್‌ಗಾಗಿ ರಾಜ್ಯಗಳು ನೆಲ ಅಗೆಯುವ ಹಕ್ಕನ್ನು ಶುಲ್ಕವಿಲ್ಲದೆ ಕೊಡಲು ಒಪ್ಪಿದವು. ಕೇರಳ ಕಂಬಗಳನ್ನೇ ಬಂಡವಾಳ ಮಾಡಿಕೊಂಡಿತು. ಕಾಸರಗೋಡಿನವರಿಗೆ ಪರಿಚಿತವಾದ ಕೆ-ಫೋನ್, ರಾಜ್ಯದ ವಿದ್ಯುತ್ ಮಂಡಳಿಯ ಗೋಪುರ ಮತ್ತು ಕಂಬಗಳ ಮೇಲೆ ಕೇಬಲ್ ಎಳೆದು ಕಟ್ಟಿದ ಜಾಲ. 2023ರ ಜೂನ್ 5ರಂದು ಉದ್ಘಾಟನೆಯಾದ ಈ ಯೋಜನೆ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡಿದೆ.

ಬೆಳಕು ಹರಿಯುವ ದಾರಿ

ತಾಲೂಕು ಕೇಂದ್ರದ ದೂರವಾಣಿ ಕೇಂದ್ರದಲ್ಲಿ ಒಎಲ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಹೊರಟ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಸಾಧನ ಆ ಬೆಳಕನ್ನು ಹಲವು ಕವಲುಗಳಾಗಿ ಒಡೆಯುತ್ತದೆ. ಸ್ಪ್ಲಿಟರಿಗೆ ಕರೆಂಟು ಬೇಡ. ಕೊನೆಯಲ್ಲಿ ಪಂಚಾಯತಿ ಕಚೇರಿ ಅಥವಾ ಮನೆಯ ಗೋಡೆಯ ಮೇಲೆ ಒಎನ್‌ಟಿ ಪೆಟ್ಟಿಗೆ ಕೂರುತ್ತದೆ. ಅದಕ್ಕೆ ಕರೆಂಟು ಬೇಕೇ ಬೇಕು. ಚಾಲ್ತಿಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆ ಸುಮಾರು 2.5 ಜಿಬಿಪಿಎಸ್ ಹೊರುತ್ತದೆ. ಅದನ್ನು 32 ಮನೆಗೆ ಹಂಚಿದರೆ, ಎಲ್ಲರೂ ಒಟ್ಟಿಗೆ ಬಳಸುವಾಗಲೂ ಮನೆಗೆ ಸುಮಾರು 78 ಎಂಬಿಪಿಎಸ್ ಸಿಗಬೇಕು. ಸಂಜೆ ಹೊತ್ತು ವೇಗ ಇದಕ್ಕಿಂತ ತೀರಾ ಕುಸಿದರೆ ತಪ್ಪು ಹೆಚ್ಚಾಗಿ ಗಾಜಿನ ಎಳೆಯದ್ದಲ್ಲ, ಸೇವೆ ಕೊಡುವವರು ಮೇಲಿನಿಂದ ಕೊಂಡ ಬ್ಯಾಂಡ್‌ವಿಡ್ತ್ ಸಾಲದಿರುವುದು.

ಮೊದಲ ಹಂತದಲ್ಲಿ ತಾಲೂಕಿನಿಂದ ಪಂಚಾಯತಿಗೆ ಹೋದದ್ದು ಒಂದೇ ದಾರಿ. ನಡುವೆ ಎಲ್ಲಾದರೂ ಜೆಸಿಬಿ ಕೇಬಲ್ ಕಡಿದರೆ ಅದರಾಚೆಯ ಊರುಗಳೆಲ್ಲ ಕತ್ತಲು. ತಿದ್ದುಪಡಿಯಾದ ಯೋಜನೆ ಇದನ್ನು ಉಂಗುರವಾಗಿ ಬದಲಿಸುತ್ತಿದೆ. ಪಂಚಾಯತಿಗಳನ್ನು ವೃತ್ತಾಕಾರವಾಗಿ ಜೋಡಿಸಿದಾಗ ಒಂದು ಕಡೆ ತುಂಡಾದರೂ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. 2.64 ಲಕ್ಷ ಪಂಚಾಯತಿಗಳನ್ನು ಹೀಗೆ ಉಂಗುರಕ್ಕೆ ತರುವುದು ಗುರಿ. ಕಟ್ಟಿದ ಗುತ್ತಿಗೆದಾರರೇ 10 ವರ್ಷ ನಿರ್ವಹಣೆ ಮಾಡಬೇಕೆಂಬುದು ಹೊಸ ಷರತ್ತು. ಹಳೆಯ ಹಂತಗಳ ಪಾಠ ಇದರಲ್ಲಿ ಕಾಣುತ್ತದೆ: ಕೇಬಲ್ ಹೂಳಿದ ದಿನ ಲೆಕ್ಕದಲ್ಲಿ ಗುರಿ ಮುಟ್ಟಿರುತ್ತದೆ, ಆದರೆ ಊರಿನವರ ಪಾಲಿಗೆ ಕೆಲಸ ಆಗ ಶುರುವಾಗಿರುತ್ತದೆ.

ಅಗೆತವೇ ದುಬಾರಿ

ಕೇಬಲ್ಲಿಗಿಂತ ಅಗೆತಕ್ಕೆ, ಮತ್ತೆ ರಸ್ತೆ ಸರಿಪಡಿಸುವುದಕ್ಕೆ ಹೆಚ್ಚು ಹಣ ಹೋಗುತ್ತದೆ. ಬಿಎಸ್‌ಎನ್‌ಎಲ್ ಮಾನದಂಡದ ಪ್ರಕಾರ ಸಾಮಾನ್ಯ ಮಣ್ಣಿನಲ್ಲಿ 165 ಸೆಂಟಿಮೀಟರ್ ಆಳಕ್ಕೆ ಕೇಬಲ್ ಹೂಳಬೇಕು. ಅಷ್ಟು ಆಳ ಹೋಗದೆ ಮೇಲೆ ಮೇಲೆ ಹೂಳಿದ ಕೇಬಲ್ ಮುಂದಿನ ರಸ್ತೆ ಅಗಲೀಕರಣದಲ್ಲೇ ಕಿತ್ತು ಬರುತ್ತದೆ.

ಅದಕ್ಕೇ ಒಂದು ಸಲ ಅಗೆದು ಎರಡು ಕೆಲಸ ಮುಗಿಸುವುದು ಜಾಣತನ. ಪುಣೆ ಮಹಾನಗರ ಪಾಲಿಕೆ 24 ತಾಸು ನೀರು ಯೋಜನೆಗೆ 2017ರ ಜೂನ್‌ನಲ್ಲಿ ಶೇ. 7.59 ಬಡ್ಡಿಯ ಬಾಂಡ್ ಬಿಡುಗಡೆ ಮಾಡಿ 200 ಕೋಟಿ ರೂಪಾಯಿ ಎತ್ತಿತು. ನೀರಿನ ಕೊಳವೆ ಹೂಳುವಾಗಲೇ ಫೈಬರ್ ಡಕ್ಟನ್ನೂ ಹಾಕುವ ಆಲೋಚನೆ ಅದೇ ಯೋಜನೆಯ ಜೊತೆ ಬಂತು. ಡಕ್ಟ್ ಎಂದರೆ ಖಾಲಿ ಕೊಳವೆ. ಮುಂದೆ ಯಾವ ಕಂಪನಿ ಬಂದರೂ ರಸ್ತೆ ಅಗೆಯದೆ ಬಾಡಿಗೆ ಕೊಟ್ಟು ಅದರೊಳಗೆ ತನ್ನ ಕೇಬಲ್ ತೂರಿಸಬಹುದು. ತೆಲಂಗಾಣ ಕೂಡ ಮಿಷನ್ ಭಗೀರಥದ ಕುಡಿಯುವ ನೀರಿನ ಕೊಳವೆಗಳ ಜೊತೆಯಲ್ಲೇ ತನ್ನ ಟಿ-ಫೈಬರ್‌ಗೆ ದಾರಿ ಮಾಡಿಕೊಂಡಿತು. ನಿಮ್ಮ ಬೀದಿಯಲ್ಲಿ ಒಳಚರಂಡಿಗೋ ನೀರಿಗೋ ಅಗೆಯುತ್ತಿದ್ದರೆ, ಡಕ್ಟ್ ಹಾಕುತ್ತಿದ್ದೀರಾ ಎಂದು ಅದೇ ವಾರ ಕೇಳಬೇಕು. ಡಾಂಬರು ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅನುಮತಿಯ ದಾರಿಯೂ ಈಗ ಹಗುರವಾಗಿದೆ. 2022ರ ಮೇ ತಿಂಗಳಲ್ಲಿ ಬಂದ ಗತಿಶಕ್ತಿ ಸಂಚಾರ್ ಪೋರ್ಟಲಿನಲ್ಲಿ ಕಂಪನಿಗಳು ಅಗೆತದ ಅರ್ಜಿ ಹಾಕುತ್ತವೆ. ನಿಗದಿತ ದಿನಗಳೊಳಗೆ ಸ್ಥಳೀಯ ಸಂಸ್ಥೆ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಇದರ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಬೇರೆ ಕೆಲಸಕ್ಕೆ ನೆಲ ಅಗೆಯುವವರು ಕೆಳಗೆ ಕೇಬಲ್ ಇದೆಯೇ ಎಂದು ಮೊದಲೇ ವಿಚಾರಿಸಲು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದಿದೆ.

ಕೊನೆಯ ನೂರು ಮೀಟರ್

ಕಾಲುವೆ ಊರಿಗೆ ಬಂದರೂ ಹೊಲಗಾಲುವೆ ತೋಡದಿದ್ದರೆ ಪೈರಿಗೆ ನೀರಿಲ್ಲ. ಫೈಬರಿನ ಕಥೆಯೂ ಅಷ್ಟೇ. ಸರ್ಕಾರದ ಹಣ ಬಹುಮಟ್ಟಿಗೆ ಪಂಚಾಯತಿ ಕಟ್ಟಡದ ಒಳಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮನೆಗೆ ಎಳೆಯುವುದು, ತಿಂಗಳ ಬಿಲ್ ವಸೂಲು ಮಾಡುವುದು, ತುಂಡಾದರೆ ಏಣಿ ಹತ್ತುವುದು ಊರಿನವರೇ ಒಬ್ಬರು ಮಾಡಬೇಕಾದ ಕೆಲಸ. ಹೆಚ್ಚಾಗಿ ಕೇಬಲ್ ಟಿವಿ ನಡೆಸುತ್ತಿದ್ದವರು ಇದಕ್ಕೆ ಇಳಿಯುತ್ತಾರೆ. ಅಂಥವರನ್ನು ಭಾರತ್‌ನೆಟ್ ಉದ್ಯಮಿ ಎಂದು ಕರೆದು ಆದಾಯದಲ್ಲಿ ಪಾಲು ಕೊಡುವ ವ್ಯವಸ್ಥೆ ಇದೆ. 1.5 ಕೋಟಿ ಗ್ರಾಮೀಣ ಮನೆಗಳಿಗೆ ಈ ದಾರಿಯಿಂದಲೇ ಸಂಪರ್ಕ ಕೊಡುವ ಗುರಿ ಹೊಸ ಯೋಜನೆಯಲ್ಲಿದೆ.

ಅಷ್ಟೂ ಬಂಡವಾಳ ಇಲ್ಲದವರಿಗೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಇದೆ. ಕಿರಾಣಿ ಅಂಗಡಿ, ಚಹದಂಗಡಿಯವರು ಲೈಸೆನ್ಸ್ ಇಲ್ಲದೆ ವೈಫೈ ಹಾಟ್‌ಸ್ಪಾಟ್ ಇಟ್ಟು ಚಿಲ್ಲರೆ ದರದಲ್ಲಿ ಡೇಟಾ ಮಾರಬಹುದು.

ಪುಕ್ಕಟೆ ವೈಫೈ ಕಲಿಸಿದ್ದು

ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ ಆಯ್ಕೆಯಾದ ಪುಣೆಯಲ್ಲಿ 2018ರಲ್ಲಿ ಉದ್ಯಾನ, ಆಸ್ಪತ್ರೆ, ಸರ್ಕಾರಿ ಕಚೇರಿಗಳೂ ಸೇರಿದಂತೆ ಸುಮಾರು 150 ಕಡೆ ಗೂಗಲ್ ಸ್ಟೇಷನ್ ಸಹಯೋಗದಲ್ಲಿ ಉಚಿತ ವೈಫೈ ಬಂತು. 2020ರ ಫೆಬ್ರುವರಿಯಲ್ಲಿ ಗೂಗಲ್ ಆ ಯೋಜನೆಯನ್ನೇ ಮುಚ್ಚುವುದಾಗಿ ಹೇಳಿತು. ಮೊಬೈಲ್ ಡೇಟಾ ಅಗ್ಗವಾಗಿದೆ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಹಾಟ್‌ಸ್ಪಾಟ್ ತೋರಿಸಿ ಫೋಟೊ ತೆಗೆಸಿಕೊಳ್ಳುವುದು ಸುಲಭ, ಆದರೆ ಅದರ ಆಯಸ್ಸು ಕಡಿಮೆ. ನೆಲದಡಿಯ ಡಕ್ಟ್ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ದಶಕಗಟ್ಟಲೆ ಬಾಳುತ್ತದೆ. ಸಾರ್ವಜನಿಕ ಹಣ ಯಾವುದಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ಪುಣೆಯ ಉತ್ತರ ಇದೇ.

ಟವರು ಸಲ್ಲದ ಕಡೆ

ಟವರ್ ಇದ್ದರೆ ಸಾಲದೇ, ತಂತಿ ಏಕೆ ಎನ್ನುವವರು ಇದೇ ಜಿಲ್ಲೆಯ ಜುನ್ನರ ತಾಲೂಕನ್ನು ನೋಡಬೇಕು. ನಾರಾಯಣಗಾಂವ್ ಹತ್ತಿರದ ಖೋಡದದಲ್ಲಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇದೆ: 45 ಮೀಟರ್ ಅಗಲದ 30 ಆಂಟೆನಾಗಳು. ಆಕಾಶದಿಂದ ಬರುವ ಅತಿ ಕ್ಷೀಣ ರೇಡಿಯೊ ಅಲೆಗಳನ್ನು ಹಿಡಿಯುವ ಈ ಆಂಟೆನಾಗಳಿಗೆ ಮೊಬೈಲ್ ಟವರಿನ ಸಂಕೇತ ತೊಂದರೆ ಕೊಡುತ್ತದೆ. ಫೈಬರ್ ಗಾಳಿಗೆ ಏನನ್ನೂ ಬಿಡುವುದಿಲ್ಲ. ಆಂಟೆನಾಗಳು ಹಿಡಿದ ಸಂಕೇತವನ್ನು ಕೇಂದ್ರಕ್ಕೆ ಸಾಗಿಸುವುದೂ ಫೈಬರೇ. ಇನ್ನು ಫೈಬರ್ ಏರಲಾಗದ ಗುಡ್ಡದ ವಾಡಿಗಳಿಗೆ ಉಪಗ್ರಹವೇ ಗತಿ. 2025ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಸ್ಟಾರ್‌ಲಿಂಕ್ ಜೊತೆ ಆಶಯ ಪತ್ರಕ್ಕೆ ಸಹಿ ಹಾಕಿದ್ದು ಅಂಥ ಊರುಗಳಿಗಾಗಿ.

ನೀವು ಕೇಳಬೇಕಾದದ್ದು

ರಾಜ್ಯದ ಭೂದಾಖಲೆಗಳ ಮುಖ್ಯ ಕಚೇರಿ ಪುಣೆಯಲ್ಲೇ ಇದೆ. ಸಾತಬಾರಾ ಉತಾರ, ಅಂದರೆ ನಮ್ಮ ಪಹಣಿ, ಈಗ ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಬೆಳೆಯ ವಿವರವನ್ನು ರೈತರೇ ಹೊಲದಲ್ಲಿ ನಿಂತು ಫೋನಿನಲ್ಲಿ ತುಂಬುವ ಇ-ಪೀಕ್ ಪಹಣಿ 2021ರಲ್ಲಿ ರಾಜ್ಯದೆಲ್ಲೆಡೆ ಶುರುವಾಯಿತು. ಸೇವೆಯೆಲ್ಲ ಜಾಲದ ಮೇಲೆ ಹೋದ ಮೇಲೆ ಜಾಲವಿಲ್ಲದ ಊರಿಗೆ ಸರ್ಕಾರವೇ ದೂರವಾದಂತೆ. ಆದ್ದರಿಂದ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ:

1. ಪಂಚಾಯತಿಗೆ ಬಂದ ಫೈಬರ್ ಯಾರದು, ಬಿಎಸ್‌ಎನ್‌ಎಲ್‌ನದೋ ರಾಜ್ಯ ಸಂಸ್ಥೆಯದೋ? ದೂರು ಕೊಡಬೇಕಾದ ಕಚೇರಿ ಯಾವುದು?

2. ಪೆಟ್ಟಿಗೆಗೆ ಕರೆಂಟು ಇದೆಯೇ? ಬ್ಯಾಟರಿ ಕೆಲಸ ಮಾಡುತ್ತಿದೆಯೇ? ಕಳೆದ ತಿಂಗಳು ಎಷ್ಟು ದಿನ ಸಂಪರ್ಕ ಇತ್ತು?

3. ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರಕ್ಕೆ ಎಳೆ ಹೋಗಿದೆಯೇ? ಕರ್ನಾಟಕದವರಾದರೆ ಪಂಚಾಯತಿಯ ಅರಿವು ಕೇಂದ್ರಕ್ಕೂ?

4. ಮನೆಗಳಿಗೆ ಸಂಪರ್ಕ ಕೊಡಲು ಊರಿನಲ್ಲಿ ಉದ್ಯಮಿ ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಸ್ವಸಹಾಯ ಸಂಘ ಮುಂದೆ ಬರಬಹುದೇ?

5. ಮುಂದಿನ ರಸ್ತೆ, ನೀರಿನ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಡಕ್ಟ್ ಸೇರಿದೆಯೇ?

ಗ್ರಾಮಸೇವಕರಿಂದಲೋ ಪಿಡಿಒ ಅವರಿಂದಲೋ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಸಾಕು. 30 ದಿನಗಳೊಳಗೆ ಲಿಖಿತ ಉತ್ತರ ಕೊಡಲೇಬೇಕು. ಎರಡನೇ ಪ್ರಶ್ನೆಯನ್ನಂತೂ ಬಿಡಬೇಡಿ. ದಾಖಲೆಯಲ್ಲಿ ಸಂಪರ್ಕಗೊಂಡ ಪಂಚಾಯತಿಗೂ ನಿಜವಾಗಿ ಜಾಲವಿರುವ ಪಂಚಾಯತಿಗೂ ಇರುವ ವ್ಯತ್ಯಾಸ ಅದರ ಉತ್ತರದಲ್ಲೇ ಗೊತ್ತಾಗುತ್ತದೆ.