ಶರಾವತಿ ನೀರಿನ ಮೇಲೆ ತೇಲಿದ ಕಿವಿ

ಬೆಂಗಳೂರಿನ ಎಫ್‌ಎಂ ಹಾಡುಗಳಿಗೆ ಅತ್ತಿಬೆಲೆಯ ಗಡಿ ಲೆಕ್ಕಕ್ಕಿಲ್ಲ. ಹೊಸೂರಿನ ಚಹಾ ಅಂಗಡಿಯಲ್ಲೂ ಡೆಂಕಣಿಕೋಟೆ ಕಡೆ ಹೊರಟ ಬಸ್ಸಿನಲ್ಲೂ ಅವು ಕೇಳಿಸುತ್ತವೆ. ಗಡಿಯಾಚೆಯ ಕನ್ನಡಿಗರಿಗೆ ಅದು ಹಿತ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಖಗೋಳ ವಿಜ್ಞಾನಿಗಳಿಗೆ ಅದೇ ತಲೆನೋವು.

ಅವರು ಹುಡುಕುವ ದನಿ ಎಫ್‌ಎಂನ ನೆರೆಮನೆಯಲ್ಲೇ, 43ರಿಂದ 87 ಮೆಗಾಹರ್ಟ್ಸ್ ನಡುವೆ ಅಡಗಿದೆ. ಮಹಾಸ್ಫೋಟದ ಸುಮಾರು 20 ಕೋಟಿ ವರ್ಷಗಳ ಬಳಿಕ, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಸುತ್ತಲಿನ ಜಲಜನಕ ಉಳಿಸಿದ ಗುರುತು ಅದು. ಜಲಜನಕ ಪರಮಾಣುವಿನ ರೇಡಿಯೊ ಅಲೆಯ ಉದ್ದ 21 ಸೆಂಟಿಮೀಟರ್. ವಿಶ್ವದ ಜೊತೆ ತಾನೂ ಹಿಗ್ಗುತ್ತ ಬಂದ ಆ ಅಲೆ ನಮ್ಮನ್ನು ಮುಟ್ಟುವಾಗ ನಾಲ್ಕು ಮೀಟರಿನ ಆಸುಪಾಸಿನಲ್ಲಿರುತ್ತದೆ.

ಊರಿನಿಂದ ದೂರ ಹೋದರೂ ತಲೆನೋವು ಮುಗಿಯಲಿಲ್ಲ. ಆಂಟೆನಾದ ಕೆಳಗಿನ ನೆಲದ ಪದರಗಳೂ ಅಳತೆ ಕೆಡಿಸುತ್ತವೆ. ನೀರಾದರೆ ಎಲ್ಲೆಡೆ ಒಂದೇ ಗುಣ. ಹಾಗಾಗಿ 2020ರಲ್ಲಿ ಅವರ ‘ಸರಸ್ 3’ ಉಪಕರಣ ತೆಪ್ಪವೇರಿತು. ಮೊದಲು ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ ಹಿನ್ನೀರು.

ಸಿಕ್ಕಿದ್ದೇನು? ಏನೂ ಇಲ್ಲ! ಆದರೆ ಆ ‘ಇಲ್ಲ’ ತೂಕದ್ದು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ‘ಎಡ್ಜಸ್’ ಉಪಕರಣ ಅಂಥ ಗುರುತು ಹಿಡಿದಿದೆಯೆಂದು 2018ರಲ್ಲಿ ಜಗತ್ತೇ ಬೆರಗಾಗಿತ್ತು. ಅದು ಆಕಾಶದಿಂದ ಬಂದದ್ದಲ್ಲವೆಂದು ‘ಸರಸ್’ ತಂಡದ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು 2022ರ ಫೆಬ್ರವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬರೆದರು.

ಅದೇ ವರ್ಷದ ನವೆಂಬರಿನಲ್ಲಿ, ಅದೇ ಮೌನದಿಂದ ಇನ್ನೊಂದು ಲೆಕ್ಕ ಹೊರಬಿತ್ತು: ಆ ಎಳೆಯ ಗೆಲಾಕ್ಸಿಗಳು ತಮ್ಮ ಅನಿಲದಲ್ಲಿ ನೂರಕ್ಕೆ ಮೂರು ಪಾಲನ್ನೂ ನಕ್ಷತ್ರವಾಗಿಸಿರಲಾರವು. ಡೆಂಕಣಿಕೋಟೆ ಸೀಮೆಯ ರೈತ ನೂರು ಸೇರು ರಾಗಿಯನ್ನು ಮಿಲ್ಲಿಗೆ ಹೊತ್ತು, ಮೂರು ಸೇರಿಗೂ ಕಡಿಮೆ ಹಿಟ್ಟು ತಂದಂತೆ.

ಇಷ್ಟು ಕಡಿಮೆ ಯಾಕಿರಬಹುದು? ನಕ್ಷತ್ರ ಹುಟ್ಟಲು ಅನಿಲ ಮೊದಲು ತಣಿಯಬೇಕು, ಆಮೇಲೆ ಕುಸಿಯಬೇಕು. ಇಂದಿನ ಗೆಲಾಕ್ಸಿಗಳಲ್ಲಿ ಇಂಗಾಲ, ಆಮ್ಲಜನಕ, ದೂಳು ಸೇರಿ ಈ ತಣಿಸುವ ಕೆಲಸ ಮಾಡುತ್ತವೆ. ಮೊಟ್ಟಮೊದಲ ನಕ್ಷತ್ರಗಳ ಹೊತ್ತಿಗೆ ಇಂಗಾಲವೇ ಹುಟ್ಟಿರಲಿಲ್ಲ. ಇದ್ದದ್ದು ಎರಡು ಪರಮಾಣು ಕೂಡಿದ ಜಲಜನಕದ ಅಣು, ಅದೋ ಶಾಖ ಹೊರಹಾಕುವುದರಲ್ಲಿ ಬಲು ಸೋಮಾರಿ.

ಸಂಸ್ಥೆಯ ಮುಂದಿನ ಯೋಜನೆ ‘ಪ್ರತುಷ್’. ಅದು ತೇಲಬೇಕಿರುವುದು ಕೆರೆಯಲ್ಲಲ್ಲ, ಚಂದ್ರನ ಸುತ್ತ. ಚಂದ್ರನ ಆಚೆ ಬದಿಗೆ ಬೆಂಗಳೂರಿನ ಎಫ್‌ಎಂ ಮುಟ್ಟುವುದಿಲ್ಲ.